ತಿರುಗಿ ಒದೆಯುವ ಗಾಡಿ

ನಮ್ಮ ಮಾವನ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ದಪ್ಪ. ಧೋತರ ಎತ್ತಿ ಕಟ್ಟಿದರೆ ಇಬ್ಬರು ಬೇರೆ ಬೇರೆ ಮನುಷ್ಯರ ಕಾಲು ತಂದು ಜೋಡಿಸಿದಂತೆ ಕಾಣುತ್ತಿತ್ತು. ಹಳೆಯ ಫಟ್‌ಫಟಿ ಬೈಕೊಂದನ್ನು ಆಯುಷ್ಯವಿಡೀ ಒದ್ದು ಬೆಳೆದ ಕಾಲು ಅದು.

ಆ ಗಾಡಿಯ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದೊಡನೆ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು, ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಲ್ಲಬೇಕಿತ್ತು. ಎಂಜಿನ್ ಬಂದ್ ಆಗುವಷ್ಟರಲ್ಲಿ ನಿಂತಿರದಿದ್ದರೆ ಅದೇ ತಂಬಿಗೆ ಅವರ ಬೆನ್ನಿಗೆ ಬೀಳುತ್ತಿತ್ತು. ನನ್ನ ಗಂಡ ಅಪ್ಪನ ಗಾಡಿಯನ್ನು ಮುಟ್ಟುತ್ತಲೇ ಇರಲಿಲ್ಲ.

ನನ್ನ ಮದುವೆಯಾದ ಹೊಸದರಲ್ಲಿ, ಸಿಂಧನೂರಿನಲ್ಲಿ ಆಟೋ ಓಡಿಸುವ ನಮ್ಮಣ್ಣ ನನ್ನನ್ನು ನೋಡಲು ಮಸ್ಕಿಗೆ ಬಂದ. ಮಾವ ನಗುನಗುತ್ತ, "ತಮ್ಮಾ, ಗಾಡಿ ಒಂದೀಟು ಚಾಲೂ ಮಾಡಿ ಕೊಡು" ಎಂದರು. ಅಣ್ಣ ಒದ್ದ. ಕಿಕ್ಕು ರಪ್ಪನೆ ತಿರುಗಿ ಬಂದು ಅವನ ಕಾಲಿನ ಎಲುಬು ಮುರಿಯಿತು. ಅವನು ಅಂಗಳದಲ್ಲಿ ಹೊರಳಾಡುತ್ತಿದ್ದರೆ ಮಾವ ನಕ್ಕರು. "ಅನ್ನ ಉಂಡ ಕಾಲು, ಮೆತ್ತಗ. ಜ್ವಾಳ ಉಂಡಿದ್ರ ತಡೀತಿತ್ತು."

ಕೆಲವು ದಿನಗಳ ಮೇಲೆ, ರೊಟ್ಟಿ ಮುರಿಯುತ್ತ ಅವರೇ ಹೇಳಿದರು. "ಟೈಮಿಂಗ್ ನಾನ ಮುಂದಕ ತಿರುವಿಟ್ಟಿದ್ದೆ. ಪಿಸ್ಟನ್ ಮ್ಯಾಲ ಮುಟ್ಟೂಕಿಂತ ಮೊದ್ಲ ಕಿಡಿ ಹಾರತೈತಿ, ಎಂಜಿನ್ ಉಲ್ಟಾ ಒದೀತೈತಿ. ಬೀಗರ ತಾಕತ್ತು ನೋಡಬೇಕಲ್ಲ?"

ಅಣ್ಣ ಇಂದಿಗೂ ಕುಂಟುತ್ತಾನೆ.

ಆಮೇಲೆ ಲಕ್ವಾ ಹೊಡೆದು ಮಾವನ ಬಲಭಾಗವೇ ಹೋಯಿತು. ಪಡಸಾಲೆಯ ಮಂಚದ ಮೇಲಿಂದ ಅವರಿಗೆ ಕಾಣುತ್ತಿದ್ದುದು ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ ಗಾಡಿಯೊಂದೇ. ನನಗೆ ಲಿಂಗಸುಗೂರಿನಲ್ಲಿ ಕೆಲಸ ಸಿಕ್ಕಿತ್ತು, ಬಸ್ಸಿಗೆ ಕಾದು ಸಾಕಾಗಿತ್ತು. ಗಾಡಿ ಕಲಿಸಿ ಎಂದು ಮಾವನನ್ನೇ ಕೇಳಿದೆ. ಬೈಯುತ್ತಲೇ ಕಲಿಸಿದರು.

"ಟೈಮಿಂಗ್ ಹಿಂದಕ ತಗೊ. ಮೆಲ್ಲಗ ಒತ್ತು. ಬಿಗಿ ಆತೇನ? ಅದನ್ನ ತುಸು ದಾಟಿಸು. ಈಗ ಪೂರಾ ಒದಿ. ಅಂಜಿ ಅರ್ಧಕ್ಕ ಬಿಟ್ಟಿ ಅಂದ್ರ ನಿಮ್ಮಣ್ಣನ ಗತಿನ ನಿನಗ."

ಎಷ್ಟೋ ಸಲ ಪಾದ ಊದಿತು. ಊದಿದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಗಾಡಿ ಚಾಲೂ ಆಯಿತು. ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ನೀರೂ ಗಂಟಲಲ್ಲಿ ಇಳಿಯದಂತಾದ ದಿನ ಮಾವ ನನ್ನನ್ನು ಕರೆದರು. "ಒಮ್ಮಿ ಚಾಲೂ ಮಾಡು. ಸಪ್ಪಳ ಕೇಳಬೇಕು."

ಹೋಗಿ ಒದ್ದೆ. ಕಿಕ್ಕು ಸಡಿಲವಾಗಿ ಕೆಳಗಿಳಿಯಿತು.

"ಪೆಟ್ರೋಲ್ ತೆರದೀಯೇನ?" ಒಳಗಿನಿಂದ ಕ್ಷೀಣ ದನಿ.

"ತೆರದೀನ್ರಿ ಮಾವಾ."

"ಬಿಗಿ ಐತಿ?"

"ಬಿಗೀನ ಸಿಗವಲ್ದ್ರಿ."

"ಹಂಗಾರ ಪ್ಲಗ್ ನೋಡಲೇ, ಕುರುಡಿ."

ಬಗ್ಗಿ ನೋಡಿದೆ. ಪ್ಲಗ್ಗಿನ ವೈರು ಜೋತಾಡುತ್ತಿತ್ತು, ಪ್ಲಗ್ಗೇ ಇರಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. ನನ್ನತ್ತ ನೋಡದೆ ನೇರ ಮಂಚದ ಬಳಿ ಹೋಗಿ ಮುಷ್ಟಿ ಬಿಚ್ಚಿ ಗಂಡನಿಗೆ ತೋರಿಸಿದರು.

"ನಾನ ಬಿಚ್ಚೀನಿ. ಆ ಸಪ್ಪಳಕ್ಕ ನನ್ನ ಜೀವ ದಿನಾ ಹೋಗಿ ಬಂದೈತಿ. ನೀ ಅದನ್ನ ಕೇಳದ ಹೋಗು."

ಅವರು ಗಂಡನನ್ನು 'ನೀ' ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವನ ನೆಟ್ಟಗಿದ್ದ ಅರ್ಧ ತುಟಿ ಮಾತ್ರ ನಕ್ಕಿತು. "ನೀನೂ ಕಲ್ತಿ ಬಿಡು," ಎಂದರು ಅತ್ತೆಗೆ. ಮತ್ತೆ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನ ಹೋದರು. ಅತ್ತೆ ಅಳಲಿಲ್ಲ, ನಾನೂ ಅಳಲಿಲ್ಲ.

ಆ ಗಾಡಿಯ ಮೇಲೆಯೇ ನಾನೀಗ ದಿನವೂ ಲಿಂಗಸುಗೂರಿಗೆ ಹೋಗಿಬರುತ್ತೇನೆ. ಯಾರ ಹಂಗೂ ಇಲ್ಲದೆ ಹೋಗುವುದನ್ನು ಕಲಿಸಿದ ಋಣ, ಬೇಡವೆಂದರೂ, ಅವರದೇ. ಆದರೆ ಅಂಗಳದಲ್ಲಿ ಅದನ್ನು ಚಾಲೂ ಮಾಡುವುದಿಲ್ಲ. ಅಷ್ಟು ಭಾರದ ಗಾಡಿಯನ್ನು ಓಣಿ ದಾಟಿಸಿ, ಅತ್ತೆಗೆ ಕೇಳದಷ್ಟು ದೂರ ನೂಕಿಕೊಂಡು ಹೋಗಿ, ಅಲ್ಲಿ ಒದೆಯುತ್ತೇನೆ.