ಉಸಿರು ಮರೆಯುವ ಕೂಸು

ಸೋನ್ಯಾಳದ ಹಣಮವ್ವ ಕುರಿಗಳ ನಡುವೆಯೇ ತಲೆ ನರೆಸಿಕೊಂಡವಳು. ಹುಟ್ಟಿದ ಮರಿ ಉಸಿರಾಡದಿದ್ದರೆ ಹಿಂಗಾಲು ಹಿಡಿದು ಜೋರಾಗಿ ತೂಗುತ್ತಾಳೆ. ಮೂಗಿನ ಲೋಳೆ ಸಿಡಿದು ಮರಿ ಸೀನುತ್ತದೆ. ಹೀಗೆ ಬದುಕಿಸಿದ ಮರಿಗಳಿಗೂ ಲೆಕ್ಕವಿಲ್ಲ, ಅವಳ ಜಂಬಕ್ಕೂ ಲೆಕ್ಕವಿಲ್ಲ.

ಸೊಸೆ ಸೋನಾಲಿ ದಿನ ತುಂಬುವ ಮೊದಲೇ ಹೆತ್ತಳು. ಜತ್ತದ ದವಾಖಾನೆಯಲ್ಲಿ ಅಂಗೈಯಗಲದ ಆ ಮೊಮ್ಮಗ ಉಸಿರಾಡುತ್ತಿದ್ದವನು ನಡುವೆಯೇ ಸುಮ್ಮನಾಗಿಬಿಡುತ್ತಿದ್ದ. ಮೈಗೆ ಜೋಡಿಸಿದ ಯಂತ್ರ ಕೂಗುತ್ತಿತ್ತು, ನರ್ಸು ಓಡಿಬಂದು ಅಂಗಾಲು ತಟ್ಟುತ್ತಿದ್ದಳು.

"ಕಾಲು ಹಿಡದು ಎರಡು ಸಲ ತೂಗಿದ್ರ ಮುಗೀತಲ್ರಿ," ಎಂದು ಹಣಮವ್ವ ಕೈ ಚಾಚಿಯೇಬಿಟ್ಟಳು. ಡಾಕ್ಟರ್ ದಾಕ್ಷಾಯಣಿ ಅವಳನ್ನು ಕೋಣೆಯಿಂದ ಹೊರಗೆ ಹಾಕಿದರು. ಹಾಕಬೇಕಾದದ್ದೇ.

ಆದರೆ ಸೋನಾಲಿಗೆ ಜ್ವರ ಬಂತು. ಕೂಸನ್ನು ಎದೆಗೆ ಕಟ್ಟಿಕೊಂಡು ಬೆಚ್ಚಗಿಡಲು ಯಾರಾದರೂ ಬೇಕಿತ್ತು. ಡಾಕ್ಟರು ಬೇರೆ ದಾರಿ ಕಾಣದೆ ಹಣಮವ್ವನನ್ನೇ ಕರೆಸಿದರು.

"ಇವನ ಮೂಗಿನ್ಯಾಗ ಏನೂ ಅಡ್ಡ ಇಲ್ಲ, ಆಯಿ. ಕುತ್ತಿಗಿ ಮ್ಯಾಲ, ಮಿದುಳಿನ ಬುಡದಾಗ ಒಂದಿಷ್ಟು ಸಣ್ಣ ನರಕೋಶ ಕೂಡಿ ಉಸಿರಿಗೆ ತಾಳ ಹಾಕತಾವು. ನಾವು ನಿದ್ದಿ ಮಾಡಿದ್ರೂ ಬಿಡಂಗಿಲ್ಲ. ಇವನವು ಇನ್ನೂ ಬಲಿತಿಲ್ಲ, ನಡುನಡುವ ತಾಳ ತಪ್ಪತೈತಿ. ಅಂಗಾಲು ತಟ್ಟಿದ್ರ ಎಚ್ಚರಾಗತಾವು. ತೂಗಿದ್ರ ಮಿದುಳಿಗೇ ಪೆಟ್ಟು."

"ನನಗ್ಯಾವ ತಾಳ್ರೀ? ನನ್ನ ಉಸಿರು ನಾನ ತಗೋತೀನಿ."

"ಹಂಗಾದ್ರ ಬಿಗಿ ಹಿಡದು ಕುಂದ್ರಿ, ನೋಡೂಣು."

ಹಣಮವ್ವ ಹಟಕ್ಕೆ ಬಿದ್ದು ಉಸಿರು ಹಿಡಿದಳು. ಕೆನ್ನೆ ಉಬ್ಬಿತು, ಕಣ್ಣು ಮೇಲೆ ಹೋದವು, ಕೊನೆಗೆ ಬಾಯಿ ತಾನಾಗಿ ತೆರೆದುಕೊಂಡಿತು. ಸೋತೆ ಎನ್ನುವ ಹೆಂಗಸಲ್ಲ, ಸೆರಗಿನಿಂದ ಬಾಯಿ ಒರೆಸಿಕೊಂಡು ಕೂಸಿಗಾಗಿ ಕೈ ಒಡ್ಡಿದಳು.

ಮಧ್ಯಾಹ್ನ ಯಂತ್ರ ಕೂಗಿತು. ಎದೆಯ ಮೇಲಿನ ಕೂಸು ತಣ್ಣಗೆ ಸುಮ್ಮನಾಗಿತ್ತು. ನರ್ಸು ಆ ಕಡೆಯ ತೊಟ್ಟಿಲ ಬಳಿಯಿಂದ ಹೊರಟಳು. ಹಣಮವ್ವನ ಕೈ ಅವಳನ್ನು ಕೇಳದೆಯೇ ಕೂಸಿನ ಎರಡೂ ಕಾಲುಗಳನ್ನು ಸೇರಿಸಿ ಹಿಡಿದೇಬಿಟ್ಟಿತ್ತು. ಇಷ್ಟು ವರ್ಷ ಅನ್ನ ಹಾಕಿದ ಹಿಡಿತ ಅದು. ಅವಳಿಗೆ ಜೀವಮಾನದಲ್ಲಿ ಮೊದಲ ಬಾರಿ ತನ್ನ ಕೈಯ ಬಗ್ಗೆಯೇ ಹೆದರಿಕೆಯಾಯಿತು. ಬೆರಳುಗಳನ್ನು ಬಿಡಿಸಿಕೊಂಡಳು. ಅಂಗಾಲನ್ನು ಮೆಲ್ಲಗೆ ತಟ್ಟಿದಳು. ಏನೂ ಇಲ್ಲ. ಮತ್ತೆ ತಟ್ಟಿದಳು.

ಪುಟ್ಟ ಬೆನ್ನು ಏರಿತು, ಇಳಿಯಿತು, ಮತ್ತೆ ಏರಿತು.

ಓಡಿಬಂದ ನರ್ಸು ಕೂಸನ್ನು ನೋಡಿದಳು, ಆಮೇಲೆ ಹಣಮವ್ವನ ಮುಖ ನೋಡಿದಳು.

"ಅವಂದು ಬಂತು, ಆಯಿ. ಈಗ ನೀವೂ ಉಸಿರಾಡ್ರಿ."

ತಾನು ಉಸಿರು ಹಿಡಿದುಕೊಂಡಿದ್ದೇ ಹಣಮವ್ವನಿಗೆ ಗೊತ್ತಿರಲಿಲ್ಲ. ಬಾಯಿ ತೆರೆಯಬೇಕು ಎಂದುಕೊಳ್ಳುವಷ್ಟರಲ್ಲಿ ಉಸಿರು ತಾನೇ ಒಳಗೆ ಬಂದಿತ್ತು, ಅದರ ಹಿಂದೆಯೇ ಅಳುವೂ.