ನಳಿಗೆಯೊಳಗೆ ಬೆಳಕು ನೋಡುತ್ತಿದ್ದವರು

ಅವರ ಎಡಗೈಯಲ್ಲಿ ಮೂರೇ ಬೆರಳು. ಆ ಮೂರರಲ್ಲೇ ಕಾಫಿ ಲೋಟ ಹಿಡಿದುಕೊಂಡು ಬೆಳಿಗ್ಗೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಪೊಲೀಸರ ಬಂದೂಕು ರಿಪೇರಿ ಮಾಡುತ್ತಲೇ ನಿವೃತ್ತರಾಗಿ, ಹುಣಸಮಾರನಹಳ್ಳಿಯಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟಿದವರು. ಊರಿಗೆಲ್ಲ ಅವರು ಹವಾಲ್ದಾರ್ರು. ಬೆರಳು ಯಾವುದೋ ಕಳ್ಳನ ಗುಂಡಿಗೆ ಹೋಗಿರಬೇಕೆಂದು ನಾವೇ ಕತೆ ಕಟ್ಟಿಕೊಂಡಿದ್ದೆವು. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಅಪ್ಪ ದ್ರಾಕ್ಷಿ ತೋಟ ಕಾಯಲು ಇಟ್ಟುಕೊಂಡಿದ್ದ ಜೋಡುನಳಿಗೆ ಕೋವಿ, ಅವರು ತೀರಿಕೊಂಡ ಮೇಲೆ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂತು. ತೋಟ ಆಗಲೇ ಲೇಔಟ್ ಆಗಿತ್ತು. ಕೋವಿಯನ್ನು ಗೋಡೆಗೆ ನೇತುಹಾಕಿದೆ. ಹಬ್ಬ ಬಂದರೆ ಹೊರಗಿನಿಂದ ಒರೆಸಿ ಅರಿಶಿನ ಕುಂಕುಮ ಇಡುತ್ತಿದ್ದೆ. ನನ್ನ ಪಾಲಿಗೆ ಅದೇ ಕ್ಲೀನಿಂಗು. ಎಂಥ ದಡ್ಡ ನಾನು!

ಆಯುಧಪೂಜೆ ಮುಗಿದ ಮೇಲೆ ಅಪ್ಪ ಆಕಾಶಕ್ಕೊಂದು ಗುಂಡು ಹಾರಿಸುವುದು ರೂಢಿ. ಅವರು ಹೋಗಿ ಎರಡು ವರ್ಷವಾಗಿತ್ತು. ಆ ಸಲ ಚಿಕ್ಕಪ್ಪ ಅಂಗಳದಲ್ಲಿ ನಿಂತು, "ಆರ್ಸೋ ಮಗಾ, ಯಾಕ್ ಇಂಗೆ ನಿಂತ್ಕಂಡೆ? ನಿಮ್ಮಪ್ಪನ ಮಗ ಅಲ್ವಾ ನೀನು?" ಅಂದರು. ನನಗೂ ಮೀಸೆ ತಿರುವುವ ಆಸೆ. ಕೋವಿಗೆ ತೋಟಾ ತುಂಬಿದೆ. ಏಳು ವರ್ಷದ ಮಗಳು ನನಗೆ ಅಂಟಿಕೊಂಡೇ, ಕಿವಿ ಮುಚ್ಚಿ, ಕಣ್ಣರಳಿಸಿಕೊಂಡು ನಿಂತಿದ್ದಳು.

"ಗೌಡ್ರೇ, ತಡೀರಿ!"

ಹವಾಲ್ದಾರ್ರು ಬರಿಗಾಲಲ್ಲೇ ಓಡಿ ಬಂದರು. "ಒಳಗೆ ನೋಡಿದ್ರಾ?"

"ಏನ್ ನೋಡೋದು ಸಾರ್, ಬೆಳಿಗ್ಗೆ ತಾನೇ ಒರೆಸಿದೀನಿ."

"ಕೊಡಿ ಇಲ್ಲಿ."

ಕೋವಿಯನ್ನು ನಡುವಿಗೆ ಬಗ್ಗಿಸಿ ತೆರೆದು, ತೋಟಾಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. ನಳಿಗೆಗಳನ್ನು ಆಕಾಶಕ್ಕೆ ಹಿಡಿದು ನೋಡಿ, ನನ್ನನ್ನೂ ನೋಡೆಂದರು. ಒಂದರಲ್ಲಿ ದುಂಡನೆಯ ಬೆಳಕು. ಇನ್ನೊಂದರಲ್ಲಿ ಬರೀ ಕತ್ತಲು. ಸಲಾಕೆ ತುರುಕಿದಾಗ ಒಣಮಣ್ಣು ಹೆಂಟೆಹೆಂಟೆಯಾಗಿ ಉದುರಿತು. ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು.

"ಹಾರಿಸಿದ್ರೆ ನಳಿಗೆನೇ ಸಿಡೀತಿತ್ತು," ಅಂದರು. ಅವರು ನನ್ನನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದರು. ನಾನು ಮಗಳನ್ನು ಹತ್ತಿರ ಎಳೆದುಕೊಂಡು ಜಗಲಿಯ ಮೇಲೆ ಕೂತೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹಳೇ ಪಂಚೆ ತರಿಸಿ ಆರು ತುಂಡು ಹರಿದು, ಪೇಪರಿನ ಮೇಲೆ ಸಾಲಾಗಿ ಇಟ್ಟರು. ನಳಿಗೆಯ ಒಳಗೆ ಉಜ್ಜಲು ನನ್ನ ಕೈಗೇ ಕೊಟ್ಟರು. ಮುಗಿದ ಮೇಲೆ ಕಪ್ಪಾದ ಆರೂ ತುಂಡುಗಳನ್ನು ಎಣಿಸಿದರು.

"ಚಿಂದಿ ಯಾಕ್ ಸಾರ್ ಎಣಿಸ್ತೀರಾ?"

ಅವರು ಎಡಗೈ ಮುಂದೆ ಚಾಚಿದರು. "ಯಾವ ಕಳ್ಳನೂ ಇಲ್ಲ ಕಣಪ್ಪಾ. ನಾನೇ ಕ್ಲೀನ್ ಮಾಡಿದ್ ರೈಫಲ್ಲು. ಊಟದ ಗಂಟೆ ಹೊಡೀತು, ಒಂದ್ ತುಂಡು ಒಳಗೇ ಬಿಟ್ಟೆ. ಬೆಳಕು ನೋಡ್ಲಿಲ್ಲ. ಮಾರನೇ ದಿನ ನಾನೇ ಹಾರಿಸ್ದೆ. ಬೆರಳು ಹೋಗಿದ್ದು ಬಿಡು, ನನ್ ತಪ್ಪು, ನಾನು ತೆತ್ತೆ. ಪಕ್ಕದಲ್ಲಿ ನಿಂತಿದ್ನಲ್ಲ ನನ್ ಜೊತೆಗಾರ, ಅವನ ಕಣ್ಣು ಹೋಯ್ತು. ಅವನೇನ್ ಮಾಡಿದ್ದ?"

ಆಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಕೋವಿ ಉಜ್ಜಿಸಲು ತಪ್ಪದೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಗುಂಡು ಹಾರಿಸುವುದು ಅಂದಿಗೇ ನಿಂತಿತು. "ಹಾರಿಸಲ್ವಲ್ಲ ಸಾರ್, ಇನ್ನೇನಕ್ಕೆ ಇಷ್ಟೊಂದು ಉಜ್ಜೋದು?" ಎಂದು ಒಮ್ಮೆ ಗೊಣಗಿದ್ದೆ. "ಹಾರಿಸದೇ ಇರೋದ್ರಲ್ಲೇ ಹುಳ ಗೂಡು ಕಟ್ಟೋದು ಗೌಡ್ರೇ," ಅಂದರು. ನಾನು ಇನ್ನೊಂದು ತುಂಡು ತೆಗೆದುಕೊಂಡು ಉಜ್ಜಿದೆ.

ಹೋದ ವರ್ಷ ಹಾಸಿಗೆ ಹಿಡಿದರು. ಯಲಹಂಕದ ಆಸ್ಪತ್ರೆಗೆ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳೀಗ ಕಾಲೇಜಿನ ಹುಡುಗಿ. ಮಾತಾಡಲು ಉಸಿರು ಸಾಲುತ್ತಿರಲಿಲ್ಲ, ಆದರೂ ಕೇಳಿದರು.

"ಈ ತಿಂಗಳು ನೋಡಿದ್ರಾ?"

"ನೋಡ್ದೆ ಸಾರ್."

"ಬೆಳಕು?"

"ಎರಡರಲ್ಲೂ ಕಾಣ್ತು ಸಾರ್."

ತಲೆಯಾಡಿಸಿ ಕಣ್ಣು ಮುಚ್ಚಿದರು. ಎರಡು ದಿನಕ್ಕೆ ಹೋಗಿಬಿಟ್ಟರು. ಮನೆಯ ಮುಂದೆ ಮಲಗಿಸಿದ್ದಾಗ ಮಗಳು ಅವರ ಮೂರು ಬೆರಳಿನ ಕೈ ಹಿಡಿದುಕೊಂಡು ಅಳುತ್ತಿದ್ದಳು. ನೀರು ಸುರಿಯುತ್ತಿದ್ದ ಅವಳ ಎರಡು ಕಣ್ಣುಗಳನ್ನೇ ನೋಡುತ್ತಾ ನಿಂತೆ. ಎರಡನ್ನೂ ಅವರೇ ಉಳಿಸಿಕೊಟ್ಟಿದ್ದರು.