ಹ್ಯಾದರ್ಲಿ ಬಂಗಲೆಯ ಬಟ್ಟೆ ಒಗೆದವಳು

ಹ್ಯಾದರ್ಲಿ ಬಂಗಲೆಯನ್ನು ಈಗ ಟಿಕೆಟ್ ಕೊಂಡು ನೋಡಬಹುದು. ಬಾಗಿಲಲ್ಲೇ ಅದರ ಚರಿತ್ರೆಯ ಪುಸ್ತಕವೂ ಸಿಗುತ್ತದೆ. ಯಾವ ಧಣಿ ಯಾವ ಗೋಪುರ ಕಟ್ಟಿಸಿದ, ಯಾರು ಯಾರನ್ನು ಮದುವೆಯಾದರು, ಕೊನೆಯ ಪುಟದಲ್ಲಿ ತೋಟದಲ್ಲಿ ಹೂತ ಏಳು ನಾಯಿಗಳ ಹೆಸರು, ಎಲ್ಲ ಇದೆ. ಐವತ್ತಮೂರು ವರ್ಷ ಆ ಮನೆಯ ಬಟ್ಟೆ ಒಗೆದ ನನ್ನ ದೊಡ್ಡಮ್ಮ ಡಾರ್ಕಸ್ ಟ್ಯಾಪರ್ ಹೆಸರು ಮಾತ್ರ ಇಲ್ಲ. ಓದಿದ ದಿನ ಮೈಯೆಲ್ಲ ಉರಿದುಹೋಯಿತು. ತೊಂಬತ್ತರ ಹತ್ತಿರ ಬಂದಿರುವ ನನಗೆ ಇನ್ನು ಯಾರ ಹಂಗು? ಬರೆದೇಬಿಡುತ್ತೇನೆ.

ಅವಳು ಆ ಕೆಲಸಕ್ಕೆ ಸೇರಿದಾಗ ವಯಸ್ಸು ಹದಿಮೂರು. ಸೋಮವಾರ ನೆನೆಸುವುದು, ಮಂಗಳವಾರ ಕುದಿಸುವುದು, ಆಮೇಲೆ ಗಂಜಿ, ಇಸ್ತ್ರಿ. ಒಲೆಯ ಮೇಲಿನಿಂದ ಎತ್ತಿದ ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು ಕಾವು ನೋಡುತ್ತಿದ್ದಳು. ಆ ಮನೆತನದ ಚರಿತ್ರೆ ಅವಳಿಗೆ ಗೊತ್ತಿದ್ದಷ್ಟು ಪುಸ್ತಕ ಬರೆದವರಿಗೆ ಗೊತ್ತಿಲ್ಲ. ದೊಡ್ಡ ಧಣಿ ಜೂಜಿನಲ್ಲಿ ಸೋತ ವಾರ ಚಾದರದ ತುಂಬ ಬ್ರಾಂಡಿ ಕಲೆ. ಅವರ ಹೆಂಡತಿ ಯಾವ ತಿಂಗಳಿಂದ ಬೇರೆ ಕೋಣೆಯಲ್ಲಿ ಮಲಗತೊಡಗಿದರೆಂಬುದೂ ಬಟ್ಟೆಯ ಗಂಟಿನಲ್ಲೇ ತಿಳಿಯುತ್ತಿತ್ತು.

ದೊಡ್ಡ ಧಣಿಯ ಮಗ ಸರ್ ಲಯನಲ್ ಮೊದಲನೆಯ ಮಹಾಯುದ್ಧದಿಂದ ಬಂದರು, ಎದೆಯ ಮೇಲೆ ಮೂರು ಪದಕ. ಪುಸ್ತಕದಲ್ಲಿ ಆ ಪದಕಗಳ ಚಿತ್ರವಿದೆ. ಇಪ್ಪತ್ತೆಂಟು ವರ್ಷದ ಆ ಗಂಡಸು ವಾರಕ್ಕೆ ನಾಲ್ಕು ದಿನ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದರು ಎಂಬುದು ಇಲ್ಲ. ಉಳಿದ ಕೆಲಸದವರು ಏಳುವ ಮೊದಲೇ ದೊಡ್ಡಮ್ಮ ಬೇರೆ ಚಾದರ ಹಾಸಿ, ಒದ್ದೆಯಾದವನ್ನು ತಂದು ಒಗೆದುಬಿಡುತ್ತಿದ್ದಳು. ಹೀಗೆ ಎರಡು ವರ್ಷ. ಒಂದು ನರಪಿಳ್ಳೆಗೂ ಹೇಳಲಿಲ್ಲ. ನನಗೂ ಒಮ್ಮೆ ಮಾತ್ರ ಬಾಯಿ ತಪ್ಪಿ ಹೇಳಿದಳು.

ಸರ್ ಲಯನಲ್ ಅದನ್ನು ಮರೆಯಲಿಲ್ಲ. "ಡಾರ್ಕಸ್, ಬಟ್ಟೆ ಒಗೆಯೋ ಮನೆ ಪಕ್ಕದ ಆ ಪುಟ್ಟ ಮನೆ ನೀನು ಬದುಕಿರೋವರೆಗೂ ನಿಂದೇ" ಎಂದು ಕೈ ಕುಲುಕಿದರು. ನಮ್ಮ ಕಡೆ ಧಣಿ ಕೈ ಕುಲುಕಿದರೆ ಮುಗಿಯಿತು. ಕಾಗದ ಕೇಳುವುದೆಂದರೆ ಅವರನ್ನು ಸುಳ್ಳುಗಾರ ಎಂದಂತೆ. ಊರಿನ ಅರ್ಧ ಜನ ಇಂಥ ಕೈಮಾತಿನ ಮೇಲೇ ಬಾಳಿದರು, ಅದರಿಂದಲೇ ಹಾಳಾದರು.

ಐವತ್ತೆರಡನೇ ಇಸವಿಯಲ್ಲಿ ಸರ್ ಲಯನಲ್ ತೀರಿಕೊಂಡರು. ಬಂಗಲೆ ಅವರ ತಮ್ಮನ ಮಗ ಸರ್ ಜೋಸ್ಲಿನ್ ಪಾಲಾಯಿತು. ಆತ ಬಂದ ತಿಂಗಳಲ್ಲೇ ಪಾರುಪತ್ಯಗಾರ ಪಿಲ್‌ಬೀಮ್ ದೊಡ್ಡಮ್ಮನ ಬಾಗಿಲಿಗೆ ಬಂದ. ಆಗ ಹುಡುಗಿಯಾಗಿದ್ದ ನಾನೂ ಅವಳ ಜೊತೆಗೇ ಆ ಮನೆಯಲ್ಲಿದ್ದೆ. ಸೆಪ್ಟೆಂಬರ್ ಕೊನೆಗೆ ಬಾಡಿಗೆ, ಗೇಣಿಯ ಲೆಕ್ಕ ಮುಗಿಯುವ ಮೈಕೆಲ್‌ಮಸ್ ಹಬ್ಬ; ಆ ವಾರದ ಶನಿವಾರ ಮನೆ ಖಾಲಿ ಮಾಡಬೇಕಂತೆ.

"ಬದುಕಿರೋವರೆಗೂ ಇರು ಅಂದಿದ್ರು, ಸ್ವಾಮಿ."

"ಕಾಗದ ಇದೆಯೇನಮ್ಮಾ?"

"ಕೈ ಕುಲುಕಿದ್ರು."

"ಸತ್ತೋರ ಕೈ ಕೋರ್ಟಿಗೆ ಬರಲ್ಲ." ನಕ್ಕ. "ಅಷ್ಟಕ್ಕೂ ಬಟ್ಟೆ ಒಗೆಯೋಳಿಗೆ ಅವರು ಮನೆ ಕೊಡ್ತೀನಿ ಅಂತ ಯಾಕಂದಾರು?"

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ನಾನೇ ಹೇಳಲು ಬಾಯಿ ತೆರೆದೆ. ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಅವನು ಹೋದ ಮೇಲೆ ಕೂಗಾಡಿದೆ. "ಹೇಳ್ಬಾರದಿತ್ತಾ ದೊಡ್ಡಮ್ಮ? ಮುಖಕ್ಕೆ ಮಂಗಳಾರತಿ ಆಗ್ತಿತ್ತು!"

"ಮೂವತ್ತು ವರ್ಷದಿಂದ ಹೊಟ್ಟೇಲಿಟ್ಕೊಂಡಿದ್ದನ್ನ ಈ ಚೋಟುದ್ದದವನ ಮುಂದೆ ಕಕ್ಲಾ? ಹೋಗೇ, ಚಹಾ ಮಾಡು."

ಹಬ್ಬದ ವಾರದ ಸೋಮವಾರ ಬಂಗಲೆಯಿಂದ ಒಂದು ಗಂಟು ಬಂತು. ಒಳಗೆ ಮೂವತ್ತು ಜನ ಕೂರುವ ಮೇಜಿನ ಹಾಸು; ಬಿಳಿ ನೇಯ್ಗೆಯಲ್ಲೇ ಗುಲಾಬಿಗಳು ಮೂಡಿದ ನಾರಿನ ಬಟ್ಟೆ. ಶನಿವಾರ ರಾತ್ರಿ ಹೆಬ್ಬಾತಿನ ಔತಣವಂತೆ. ಆ ಹಾಸನ್ನು ಸುಕ್ಕಿಲ್ಲದಂತೆ ಇಸ್ತ್ರಿ ಮಾಡಬಲ್ಲವಳು ಜಿಲ್ಲೆಯಲ್ಲೇ ಅವಳೊಬ್ಬಳು. ಜೊತೆಗೆ ಪಿಲ್‌ಬೀಮ್‌ನ ಚೀಟಿ: ಬೀಗದ ಕೈ ಕೊಡುವಾಗ ಇದನ್ನೂ ಕೊಡತಕ್ಕದ್ದು.

ನಾಚಿಕೆ, ಮಾನ, ಮರ್ಯಾದೆ ಮೂರನ್ನೂ ಬಿಟ್ಟವರು! ನಾನು ಚೀಟಿಯನ್ನು ಒಲೆಗೆ ಹಾಕಿದೆ. ದೊಡ್ಡಮ್ಮ ಹಾಸನ್ನು ನೀರಿಗೆ ಹಾಕಿದಳು. ಬುಧವಾರ ಇಸ್ತ್ರಿಗೆ ನಿಂತಳು. ಅವಳ ಬೆನ್ನು ಬಾಗಿರುವುದನ್ನು ನೋಡುತ್ತಾ ನನ್ನ ಪಿತ್ತ ನೆತ್ತಿಗೇರಿತು. ಅವಳು ನೀರು ತರಲು ಹಿತ್ತಲಿಗೆ ಹೋದದ್ದೇ ತಡ, ಒಲೆಯ ಮೇಲಿದ್ದ ಇಸ್ತ್ರಿಪೆಟ್ಟಿಗೆ ಎತ್ತಿ ಹಾಸಿನ ನಟ್ಟನಡುವಿನ ಗುಲಾಬಿಯ ಮೇಲೆ ಇಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದೆ. ಹೊಗೆ ಎದ್ದಿತು. ನನಗೆ ಎಂಥ ಸಂತೋಷವಾಯಿತು! ಇವತ್ತಿಗೂ ಸುಳ್ಳು ಹೇಳಲಾರೆ.

ಅವಳು ವಾಸನೆ ಹಿಡಿದು ಓಡಿ ಬಂದಳು. ಕೊಡ ಕೆಳಗೆ ಕುಕ್ಕಿ ನನ್ನ ಕಪಾಳಕ್ಕೆ ಬಾರಿಸಿದಳು. ಹುಟ್ಟಿದಾರಭ್ಯ ನನ್ನ ಮೇಲೆ ಕೈ ಎತ್ತಿದವಳಲ್ಲ.

"ಅವರ ಬಟ್ಟೆ ಸುಟ್ಟೆ ಅಂದ್ಕೊಂಡ್ಯಾ? ನನ್ನ ಕೆಲಸ ಸುಟ್ಟೆ ಕಣೇ, ನನ್ನ ಕೆಲಸ!"

ಆಮೇಲೆ ಕಿಟಕಿಯ ಹತ್ತಿರ ಕೂತಳು. ಹಾಸಿನ ಅಂಚಿನ ಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿ, ಸುಟ್ಟ ಜಾಗ ಕತ್ತರಿಸಿ, ಸೂಜಿಯಿಂದ ಗುಲಾಬಿಯನ್ನು ಮತ್ತೆ ನೇಯತೊಡಗಿದಳು. ಬುಧವಾರ ಹೋಯಿತು, ಗುರುವಾರ, ಶುಕ್ರವಾರ ಹೋದವು. ಮನೆಯ ಸಾಮಾನಿಗೆ ಅವಳು ಕೈ ಹಾಕಲಿಲ್ಲ. ಪಾತ್ರೆ, ಹಾಸಿಗೆ, ಅವಳ ಅಮ್ಮನ ಗಡಿಯಾರ, ಎಲ್ಲವನ್ನೂ ನಾನೊಬ್ಬಳೇ ಅಳುತ್ತಾ ಗೋಣಿಗೆ ತುಂಬಿದೆ. ಕ್ಷಮಿಸು ಎಂದರೆ ತಲೆ ಎತ್ತಲೂ ಇಲ್ಲ.

ಶನಿವಾರ ಹತ್ತು ಗಂಟೆಗೆ ಪಿಲ್‌ಬೀಮ್ ಬಂದು ಬಾಗಿಲಲ್ಲಿ ಕೈಚಾಚಿ ನಿಂತ. "ಎಲ್ಲಮ್ಮಾ ಬೀಗದ ಕೈ?"

"ಇನ್ನೊಂದು ಎಸಳಿದೆ. ನಿಂತ್ಕೊಳ್ಳಿ," ಎಂದಳು ದೊಡ್ಡಮ್ಮ, ಸೂಜಿಯಿಂದ ಕಣ್ಣು ತೆಗೆಯದೆ.

ಅವನು ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತ. ಐವತ್ತಮೂರು ವರ್ಷದಲ್ಲಿ ಆ ಬಂಗಲೆಯ ಕಡೆಯವರು ಅವಳಿಗಾಗಿ ಕಾದದ್ದು ಅದೊಂದೇ ಸಲ. ಅದೂ ಅವಳನ್ನು ಹೊರಗೆ ಹಾಕುವುದಕ್ಕೆ.